ಬಂಕದ ನೆಲದ ಮೇಲೆ ಕಾಕಾ ಬರೆಸಿದ ಎಲೆ

ಓದುವವರಿಗೆಲ್ಲ ನನ್ನ ಶರಣು. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಮೀಸೆ ಮೂಡುವ ವಯಸ್ಸಿನಲ್ಲಿ. ಹೀಗಾಗಿ ಒತ್ತು, ದೀರ್ಘ ಇವೆಲ್ಲ ಈಗಲೂ ನನ್ನ ಮಾತು ಕೇಳುವುದಿಲ್ಲ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಎರಡು ಸಾಲು ಮುಗಿಯುವಷ್ಟರಲ್ಲಿ ಪಕ್ಕದಲ್ಲಿಟ್ಟ ಚಹಾ ಆರಿಹೋಗುತ್ತದೆ. ತಪ್ಪು ಕಂಡಲ್ಲಿ ನೀವೇ ತಿದ್ದಿಕೊಂಡು ಮುಂದೆ ಸಾಗಬೇಕು, ಮುದುಕನ ಮೇಲೆ ಸಿಟ್ಟಾಗಬಾರದು. ಈ ಅಧ್ಯಾಯದಲ್ಲಿ ನಮ್ಮ ಮನೆಯ ಬಗ್ಗೆ, ಆ ಮನೆಯ ಬಂಕದಲ್ಲಿ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ ಮಲ್ಲಪ್ಪ, ಮಲಗಿದ್ದ ಕಾಲದ ಬಗ್ಗೆ ಬರೆಯುತ್ತೇನೆ. ನನಗೆ ಗಣಿತದ ರುಚಿ ಹತ್ತಿದ್ದು ಅಲ್ಲಿಯೇ. ಆದರೆ ಇದು ಸಂತೋಷದ ಕಥೆಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರು ಮಂಗಳೂರು. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಸೀಮೆಯ ಎರೆಮಣ್ಣಿನ ಮಂಗಳೂರು. ಮನೆ ಮಣ್ಣಿನ ಮಾಳಿಗೆಯದು. ತಲಬಾಗಿಲು ದಾಟಿದರೆ ಎಡಕ್ಕೆ ಬಂಕ, ಮೂರು ಕಡೆ ಗೋಡೆ, ಒಂದು ಕಡೆ ಬಯಲಾಗಿದ್ದ ಉದ್ದನೆಯ ಜಾಗ. ಬಲಕ್ಕೆ ದನ ಕಟ್ಟುವ ಜಾಗ. ನಡುವೆ ಅಂಗಳ. ಅಂಗಳದಾಚೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ. ಅಡುಗೆಮನೆಯೊಳಗೆ ಹಗಲು ಹೊತ್ತಿನಲ್ಲೂ ಕತ್ತಲೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲಿನಲ್ಲಿ ಹೊಗೆ ಸುತ್ತುವುದು ಮಾತ್ರ ಕಾಣುತ್ತಿತ್ತು. ಅವ್ವ ರೊಟ್ಟಿ ಬಡಿಯುವ ಸದ್ದಿಗೆ ನಾವು ಎಚ್ಚರಾಗುತ್ತಿದ್ದೆವು. ಬೆಳಿಗ್ಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳಿನ ಚಟ್ನಿ. ಸಂಜೆಗೆ ನುಚ್ಚು, ಮಜ್ಜಿಗೆ. ಸೋಮವಾರ ಆಯಿ ಉಪವಾಸ. ಆಯಿ ಎಂದರೆ ಅಪ್ಪನ ತಾಯಿ, ಮನೆಯ ಒಡತಿ. ಅಡುಗೆಮನೆ ಹೊಸ್ತಿಲ ಮೇಲೆ ಅವಳು ಕುಳಿತರೆ ಯಾರು ಎಷ್ಟು ಉಂಡರು, ಯಾರು ಉಣ್ಣದೆ ಎದ್ದರು, ಎಲ್ಲವೂ ಅವಳಿಗೆ ತಿಳಿಯುತ್ತಿತ್ತು. ಅಪ್ಪ ಎತ್ತರದ ಆಳು, ಆದರೆ ಅವಳ ಮುಂದೆ ತಲೆಬಾಗಿಯೇ ಮಾತಾಡುತ್ತಿದ್ದ.

ಆಯಿ ತನ್ನ ಗಂಡನನ್ನು ಪ್ಲೇಗಿನಲ್ಲಿ ಕಳೆದುಕೊಂಡವಳು. ಇಲಿ ಬಿದ್ದ ಕೂಡಲೇ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ನಮ್ಮ ಮುತ್ಯಾ ಮಾತ್ರ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಜೋಳ ಕಾಯುತ್ತೇನೆಂದು ಮನೆಯಲ್ಲೇ ಉಳಿದನಂತೆ, ಉಳಿದಲ್ಲೇ ಹೋದನಂತೆ. ಅಂದಿನಿಂದ ಆಯಿಗೆ ಒಂದು ಮಾತು ಕಲ್ಲಿನಲ್ಲಿ ಕೊರೆದಂತೆ: ರೋಗ ಬಂದರೆ ಮನೆ ಬಿಡಬೇಕು, ಇಲ್ಲವೇ ರೋಗಿ ಮನೆ ಬಿಡಬೇಕು. ಹೊಲದಲ್ಲಿ ಬೆಳೆ ಕಾಯುವ ಒಂದು ಗುಡಿಸಲು ಯಾವಾಗಲೂ ಇರುತ್ತಿತ್ತು. ನಾವು ಚಿಕ್ಕವರು ಹಟ ಮಾಡಿದರೆ ಗುಡಿಸಲಿಗೆ ಹಾಕುತ್ತೇನೆ ನೋಡು ಎಂದು ಅವಳು ಹೆದರಿಸುತ್ತಿದ್ದಳು.

ಕಾಕಾ ನಮ್ಮ ಮನೆಯಲ್ಲಿ ಅಕ್ಷರ ಕಲಿತ ಮೊದಲ ಮನುಷ್ಯ. ಆಗ ನಿಜಾಮರ ರಾಜ್ಯ, ಮೇಲಿನ ಓದೆಲ್ಲ ಉರ್ದುವಿನಲ್ಲಿ. ಕಾಕಾ ಕನ್ನಡದಲ್ಲಿ ಜಗಳವಾಡಿ ಉರ್ದುವಿನಲ್ಲಿ ಲೆಕ್ಕ ಮಾಡುವವನು. ಸರ್ಕಾರದ ವಜೀಫಾ ಸಿಕ್ಕಿ ಹೈದರಾಬಾದಿನ ಕಾಲೇಜಿಗೆ ಹೋದ. ನಡುವೆ ಊರಿಗೆ ಬಂದಾಗ ಕನಕಗಿರಿಯ ಕಡೆಯ ನೀಲವ್ವ ಎಂಬ ಹುಡುಗಿಯನ್ನು ತಂದು ಮದುವೆ ಮಾಡಿದರು. ಅವಳು ನನಗೆ ಚಿಗವ್ವ. ಕಾಕಾನ ಓದು ಮುಗಿದು ಕಚೇರಿಯ ನೌಕರಿ ಸಿಗುವ ತನಕ ಅವಳು ನಮ್ಮ ಮನೆಯಲ್ಲೇ ಸಗಣಿ, ಬೀಸುಕಲ್ಲು, ನೀರು ಹೊರುವುದು ಮಾಡಿಕೊಂಡಿದ್ದಳು. ನೌಕರಿ ಸಿಗಲಿಲ್ಲ. ಒಂದು ದಿನ ಮಧ್ಯಾಹ್ನ ಕೊಪ್ಪಳದ ಸ್ಟೇಷನ್ನಿನಿಂದ ಬಾಡಿಗೆ ಚಕ್ಕಡಿ ಬಂದು ಮನೆ ಮುಂದೆ ನಿಂತಿತು. ಒಂದು ಸಂದೂಕ, ಅದಕ್ಕೆ ಒರಗಿಕೊಂಡು ಕಾಕಾ. ಇಳಿಸಲು ಅಪ್ಪ ಕೈ ಚಾಚಿದಾಗ ಅವನು ತಾನೇ ಹಿಂದೆ ಸರಿದ.

“ಮುಟ್ಟಬ್ಯಾಡಣ್ಣಾ. ದೂರ ನಿಂದ್ರು.”

“ಯಾಕೋ ಮಲ್ಲಾ, ಏನಾಗೇತಿ?” ಎಂದು ಆಯಿ ಬಾಗಿಲಿಂದಲೇ ಕೇಳಿದಳು.

“ದಿಕ್ ಅಂದ್ರು ಬೇ ಅವ್ವಾ, ಹೈದರಾಬಾದಿನ ಡಾಕ್ಟರು.”

“ಹಂಗಂದ್ರ?”

“ಕ್ಷಯಾ. ಕೆಮ್ಮಿದ್ರ ರಕ್ತ ಬೀಳತೈತಿ.”

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳಲಿಲ್ಲ. ಚಿಗವ್ವ ನೀರಿನ ತಂಬಿಗೆ ಹಿಡಿದುಕೊಂಡು ಅವಳ ಹಿಂದೆಯೇ ನಿಂತಿದ್ದಳು. ಆ ತಂಬಿಗೆಯನ್ನು ಆಯಿ ಅವಳ ಕೈಯಿಂದ ತೆಗೆದುಕೊಂಡು ನೆಲದ ಮೇಲಿಟ್ಟಳು. ಕಾಕಾ ಅದನ್ನು ತಾನೇ ಬಂದು ಎತ್ತಿಕೊಳ್ಳಬೇಕಾಯಿತು.

ಅಂದೇ ಅಡುಗೆಮನೆಯಲ್ಲಿ ಜಗಳ. ನನ್ನ ಅವ್ವ ಕೆಟ್ಟ ಹೆಂಗಸಲ್ಲ. ಅವಳ ಮೊಲೆ ಕಚ್ಚಿಕೊಂಡು ಆಗ ನನ್ನ ತಂಗಿ ಇದ್ದಳು, ಹಲ್ಲು ಮೂಡದ ಕೂಸು.

“ಗುಡಿಸಲಕ್ಕ ಕಳಸ್ರಿ ಅತ್ತಿ. ದಿನಾ ನಾನ ರೊಟ್ಟಿ ಒಯ್ದು ಕೊಟ್ಟು ಬರ್ತೇನಿ. ಈ ಮನ್ಯಾಗ ಬ್ಯಾಡ. ನನ್ನ ಕೂಸಿನ ಮಾರಿ ನೋಡ್ರಿ ಒಮ್ಮಿ.”

“ನನ್ನ ಕೂಸಿನ ಮಾರೀನೂ ನೋಡಿ ಬಂದೇನಬೇ ಈಗ.”

“ನೀವಾ ಹೇಳತಿದ್ರೆಲ್ಲ, ರೋಗಿ ಮನಿ ಬಿಡಬೇಕಂತ?”

ಕೊನೆಗೆ ಅಪ್ಪ ನಡುವೆ ಬಂದು ಒಂದು ಕರಾರು ಮಾಡಿದ. ಹೊಲದಲ್ಲಿ ಜೋಳ ನಿಂತಿದೆ, ಗುಡಿಸಲಿನಲ್ಲಿ ಕಾವಲಿನ ಆಳು ಇದ್ದಾನೆ. ಸುಗ್ಗಿ ಮುಗಿಯುವ ತನಕ ಮಲ್ಲಪ್ಪ ಬಂಕದಲ್ಲಿರಲಿ, ಅಷ್ಟರಲ್ಲಿ ನೆಟ್ಟಗಾದರೆ ಸರಿ, ಇಲ್ಲದಿದ್ದರೆ ಗುಡಿಸಲು. ಆಯಿ ಬಂಕದ ನಡುವೆ ಒಲೆಯ ಬೂದಿಯಿಂದ ಒಂದು ಅಡ್ಡಗೆರೆ ಎಳೆದಳು. ಗೆರೆಯಾಚೆ ಕಾಕಾನ ಹೊರಸು, ಹಗ್ಗದ ಮಂಚ. ಈಚೆ ಉಳಿದವರು. ಅವನ ಗಂಗಾಳ, ಅವನ ತಂಬಿಗೆ ಬೇರೆ. ಅವನ್ನು ಬೂದಿಯಿಂದ ತಿಕ್ಕಿ ಮಾಳಿಗೆಯ ಬಿಸಿಲಿಗೆ ಇಡುವುದು ಚಿಗವ್ವನ ಕೆಲಸ, ಆದರೆ ಗೆರೆ ದಾಟುವ ಹಕ್ಕು ಅವಳಿಗಿರಲಿಲ್ಲ. ಗಂಡಹೆಂಡತಿ ಗೆರೆಯ ಆಚೆ ಈಚೆ ಕುಳಿತು ಮಾತಾಡಬೇಕು, ಅದೂ ಎಲ್ಲರ ಎದುರಿಗೆ. ಕಾಕಾನಿಗೆ ಬೇಕಾಗಿದ್ದು ಒಂದೇ, ಅದನ್ನು ಅವನು ಅಪ್ಪನಿಗೆ ನನ್ನ ಎದುರಿಗೇ ಹೇಳಿದ:

“ಉಳದ್ರೂ ಸತ್ರೂ ಇಲ್ಲೇ ಇರತೇನಣ್ಣಾ. ಮನೀ ಸಪ್ಪಳ ಕಿವಿಗೆ ಬೀಳಬೇಕು. ಅಲ್ಲಿ ಹೊಲದಾಗ ಹಾಕಬ್ಯಾಡ್ರಿ ನನ್ನ.”

ಅಪ್ಪ ಬಾರುಕೋಲು ಎತ್ತಿಕೊಂಡು ಹೊಲಕ್ಕೆ ಹೊರಟ.

ನಾಯಿ, ಕೋಳಿ ಬಂಕದೊಳಗೆ ಹೋಗದಂತೆ ನೋಡಿಕೊಳ್ಳಲು, ಕಾಕಾ ಕರೆದರೆ ಒಳಗೆ ತಿಳಿಸಲು ನನ್ನನ್ನು ಗೆರೆಯ ಈಚೆ ಕೂರಿಸಿದರು. ನಾನು ಶಾಲೆಗೆ ಹೋಗುತ್ತಿರಲಿಲ್ಲ, ಎಮ್ಮೆ ಕಾಯುತ್ತಿದ್ದೆ. ಈಗ ಕಾಕಾನನ್ನು ಕಾಯತೊಡಗಿದೆ. ಮೊದಮೊದಲು ಅವನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಒಂದು ದಿನ ಎದ್ದು ಕುಳಿತು ನನ್ನ ಕಡೆ ನೋಡಿ ನಕ್ಕ.

“ಲೇ ನಿಂಗ್ಯಾ, ನಮ್ಮ ಹೊಲಾ ಎಲ್ಲೈತಿ ಅಂತ ಯಾರರ ಕೇಳಿದ್ರ ಏನ ಹೇಳ್ತಿ?”

“ಬಸವಣ್ಣನ ಗುಡಿ ಕಡೆ, ಎರಡು ಕೂಗಳತಿ.”

“ಶಾಬಾಸ್. ಎತ್ತ ಕಡೆ, ಎಷ್ಟು ದೂರ. ಎರಡ ಮಾತು. ಈ ಎರಡ ಮಾತಿನ್ಯಾಗ ಜಗತ್ತಿನ್ಯಾಗಿನ ಯಾವ ಗೆರಿ ಬೇಕಾದ್ರೂ ಬರೀಬಹುದು. ಹೈದರಾಬಾದಿನ್ಯಾಗ ಇದನ್ನ ಕಲಿಯಾಕ ನಾ ಎರಡ ವರ್ಷ ಕುಂತೆ, ನೀ ಎಮ್ಮಿ ಹಿಂದ ತಿರಗಿ ಕಲತೀ ನೋಡು.”

ಕಾಗದ ಇರಲಿಲ್ಲ. ಸಗಣಿ ಸಾರಿಸಿದ ನೆಲವೇ ಪಾಟಿ. ಅವನು ಹೊರಸಿನ ಮೇಲೆ ಕುಳಿತು ಹೇಳುವುದು, ನಾನು ಗೆರೆಯ ಈಚೆ ಮಾಡುವುದು. ಮೊದಲು ನೆಲದಲ್ಲಿ ಒಂದು ಸಣ್ಣ ಗೂಟ ಬಡಿಸಿದ. ಅದರ ಹೆಸರು ಕುತುಬ್. ಆಕಾಶದಲ್ಲಿ ಅಲುಗಾಡದ ಧ್ರುವ ನಕ್ಷತ್ರ ಇದೆಯಲ್ಲ, ಅದಕ್ಕೂ ಉರ್ದುವಿನಲ್ಲಿ ಇದೇ ಹೆಸರು ಎಂದ. ಸೆಣಬಿನ ಹಗ್ಗಕ್ಕೆ ಒಂದೇ ಅಳತೆಯಲ್ಲಿ ಗಂಟು ಹಾಕಿಸಿದ. ಹಗ್ಗದ ತುದಿ ಗೂಟಕ್ಕೆ ಕಟ್ಟಿ, ಎಂಟನೇ ಗಂಟಿಗೆ ಇದ್ದಿಲು ಹಿಡಿದು ಸುತ್ತಿದರೆ ದುಂಡನೆಯ ಗೆರೆ. ಅದೇ ಹಗ್ಗವನ್ನು ಅದೇ ಅಳತೆಗೆ ಹಿಡಿದು ಆ ಗೆರೆಯ ಮೇಲೆ ಹೆಜ್ಜೆ ಹಾಕಿಸುತ್ತ ಹೋದರೆ ಸರಿಯಾಗಿ ಆರು ಪಾಲಾಗುತ್ತದೆ, ಚೂರೂ ಹೆಚ್ಚುಕಮ್ಮಿ ಇಲ್ಲ. ಆರನ್ನು ಅರ್ಧರ್ಧ ಮಾಡಿದರೆ ಹನ್ನೆರಡು. ಗೂಟದಿಂದ ಹನ್ನೆರಡು ಕಡ್ಡಿಗೆರೆ, ಚಕ್ಕಡಿಯ ಗಾಲಿಯಂತೆ. ಇಷ್ಟಾದ ಮೇಲೆ ಕಾಕಾ ಒಂದೊಂದು ಕಡ್ಡಿಗೆ ಒಂದೊಂದು ಅಂಕಿ ಹೇಳುತ್ತಿದ್ದ. ಅಷ್ಟು ಗಂಟು ಎಣಿಸಿ ಆ ಕಡ್ಡಿಯ ಮೇಲೆ ಚುಕ್ಕಿ ಇಡಬೇಕು. ಕೊನೆಗೆ ಚುಕ್ಕಿಗಳನ್ನು ಕೂಡಿಸಬೇಕು. ಕಡ್ಡಿಗೊಂದು ಗಂಟು ಹೆಚ್ಚಿಸುತ್ತ ಹೋದಾಗ ಶಂಖದ ಸುತ್ತು ಮೂಡಿತು. ಎಲ್ಲ ಕಡ್ಡಿಗೂ ಒಂದೇ ಅಂಕಿ ಹೇಳಿದಾಗ ಬರೀ ದುಂಡು ಬಂತು, ನಾನು ಮುಖ ಸಪ್ಪಗೆ ಮಾಡಿದೆ.

“ಇದರಾಗ ಏನೈತಿ ಕಾಕಾ, ಇದು ನಮ್ಮ ಎಮ್ಮೀಗೂ ಬರತೈತಿ. ಗೂಟಕ್ಕ ಕಟ್ಟಿದ್ರ ಇದನ್ನ ತಿರಗತೈತಿ.”

“ಹಂಗಾದ್ರ ಎಮ್ಮೀಗೆ ಬರಲಾರದ್ದು ಬರಿ. ಹೇಳತೇನಿ ಕೇಳು. ಎಂಟು. ಮುಂದಿನ ಕಡ್ಡಿಗೆ ಏಳೂವರಿ, ಎಳ್ಳಷ್ಟ ಕಡಿಮಿ. ಆರು. ನಾಲ್ಕು. ಎರಡು. ಅರ್ಧ, ಎಳ್ಳಷ್ಟ ಹೆಚ್ಚು. ಮುಂದ ಸೊನ್ನಿ.”

“ಸೊನ್ನಿ ಅಂದ್ರ?”

“ಎಲ್ಲೂ ಹೋಗಬ್ಯಾಡ. ಕುತುಬಿನ್ಯಾಗ ಕುಂದ್ರು. ಅಲ್ಲಿಂದ ಮತ್ತ ತಿರಿವಿ ಅರ್ಧ, ಎರಡು, ನಾಲ್ಕು, ಹಂಗ ಎಂಟರ ತನಕ ವಾಪಸ್ ಬಾ.”

ಕೂಡಿಸಿ ನೋಡಿದರೆ ವೀಳ್ಯದೆಲೆ! ತುದಿ ಮಾತ್ರ ಚೂಪಿಲ್ಲ, ದುಂಡಗಿದೆ; ಆದರೆ ತೊಟ್ಟು ಸೇರುವಲ್ಲಿ ಒಳಗೆ ಸರಿದ ಆ ತಗ್ಗು ಎಲೆಯಲ್ಲಿ ಹೇಗಿರುತ್ತದೋ ಹಾಗೆಯೇ ಗೂಟದ ಬಳಿ ಬಂದಿತ್ತು. ಅಂಕಿಯ ಹೊಟ್ಟೆಯೊಳಗೆ ಎಲೆ ಇರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಕಾಕಾನಿಗೆ ಅಂಕಿಗಳು ಹೇಗೆ ಗೊತ್ತಾಗುತ್ತವೆ ಎಂದು ಕೇಳಿದೆ. ಅದಕ್ಕೊಂದು ಸೂತ್ರ ಇದೆ, ಕಡ್ಡಿ ಎಷ್ಟು ತಿರುಗಿದೆ ಎಂಬುದರ ಮೇಲೆ ದೂರ ನಿಂತಿರುತ್ತದೆ, ನೀನು ಶಾಲೆಗೆ ಹೋದ ಮೇಲೆ ತಿಳಿಯುತ್ತದೆ ಎಂದ. ಅವನು ಹೇಳಿದಂತೆ ನಾನು ಕಡ್ಡಿಗಳ ತುದಿಗೆ ಉರ್ದು ಅಂಕಿ ಬರೆಯುವುದನ್ನೂ ಕಲಿತೆ. ಕನ್ನಡದ ಅಂಕಿಗಿಂತ ಮೊದಲು ನನಗೆ ಬಂದದ್ದು ಅವು. ಬಹಳ ವರ್ಷ ಕಳೆದು, ನನ್ನ ಓರಗೆಯವರ ಮಕ್ಕಳು ಶಾಲೆಗೆ ಹೋಗುವ ಕಾಲದಲ್ಲಿ ನಾನು ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದೆ. ಮಾಸ್ತರರು ಹಲಗೆಯ ಮೇಲೆ ಚಕ್ರ ಬರೆದು, ಕಡ್ಡಿ ಎಳೆದು, ಇವು ಧ್ರುವೀಯ ನಿರ್ದೇಶಾಂಕಗಳು ಎಂದರು. ಹುಡುಗರೆಲ್ಲ ಬರೆದುಕೊಳ್ಳುತ್ತಿದ್ದರು. ನನಗೆ ಸಗಣಿ ನೆಲದ ವಾಸನೆ ಬಂದಂತಾಗಿ ಎದ್ದು ಹೊರಗೆ ಹೋದೆ.

ಆಯಿ ಆ ಎಲೆಯನ್ನು ನೋಡಿದ್ದು ಒಂದು ಸೋಮವಾರ. ಉಪವಾಸದ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂಕದ ಮುಂದೆ ಬಂದವಳು ಹಾಗೇ ನಿಂತುಬಿಟ್ಟಳು. ದೊಡ್ಡ ಚಕ್ರ, ನಡುವೆ ಗೂಟ, ಹನ್ನೆರಡು ದಿಕ್ಕಿಗೆ ಕಡ್ಡಿ, ತುದಿಗೊಂದೊಂದು ತುರಕ ಅಕ್ಷರ, ಒಳಗೆ ಎಲೆ. ತಗಡಿನ ಮೇಲೆ ಫಕೀರರು ಕೊರೆದು ಕೊಡುವ ಯಂತ್ರಗಳನ್ನು ನಮ್ಮ ಕಡೆಯ ಎಲ್ಲ ಹೆಂಗಸರೂ ನೋಡಿದವರು. ಮಕ್ಕಳ ಕೊರಳಿನ ತಾಯಿತದೊಳಗೆ ಸುತ್ತಿ ಇಡುತ್ತಿದ್ದದ್ದೂ ಅದನ್ನೇ. ನಾನು ಬೈಗುಳ ಬರುತ್ತದೆಂದು ಇದ್ದಿಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಆಯಿ ಬೈಯಲಿಲ್ಲ. ಮೆಲ್ಲಗೆ ಕೇಳಿದಳು:

“ಮಲ್ಲಾ, ಇದನ್ನ ಹೈದರಾಬಾದಿನ್ಯಾಗ ಕಲ್ತ್ಯಾ?”

“ಹೂಂ ಬೇ ಅವ್ವಾ.”

“ದೊಡ್ಡವರು ಕಲಿಸಿದ್ರಾ?”

“ಭಾಳ ದೊಡ್ಡವರು. ಉದ್ದನ್ನ ಗಡ್ಡ ಇತ್ತು,” ಎಂದು ಕಾಕಾ ನಕ್ಕ. ಅವನು ತನ್ನ ಗಣಿತದ ಮಾಸ್ತರರ ಮಾತು ಹೇಳುತ್ತಿದ್ದ.

“ಇದನ್ನ ಬರಿಯಾಕ ಹತ್ತಿದ ಮ್ಯಾಲೆ ನಿನಗ ರಕ್ತ ಬಿದ್ದಿಲ್ಲ. ಗಂಗಾಳ ನೋಡೇನಿ ನಾ, ಬಟ್ಟಿ ನೋಡೇನಿ.”

ಅದು ನಿಜವಾಗಿತ್ತು. ಆ ರೋಗ ಹಾಗೆಯೇ, ನಡುನಡುವೆ ಸುಮ್ಮನಾಗಿ ಆಸೆ ತೋರಿಸುತ್ತದೆ. ಆಯಿ ಕೈ ಮುಗಿದು ಹಣೆ ನೆಲಕ್ಕೆ ಮುಟ್ಟಿಸಿದಳು. ಅವಳು ಒಳಗೆ ಹೋದ ಮೇಲೆ ನಾನು ಕಾಕಾನ ಮುಖ ನೋಡಿದೆ.

“ಕಾಕಾ, ಆಯಿ ಅದನ್ನ ಯಂತ್ರ ಅಂತ ತಿಳಕೊಂಡಾಳ. ಹೇಳ್ಲೇನ ಹೋಗಿ?”

ಕಾಕಾ ಅಂಗಳದ ಕಡೆ ನೋಡಿದ. ಅಂಗಳದಲ್ಲಿ ಚಿಗವ್ವ ಗಂಗಾಳ ತಿಕ್ಕುತ್ತಿದ್ದಳು, ಅವಳ ಬಳೆಯ ಸದ್ದು ಕೇಳುತ್ತಿತ್ತು.

“ತಡಿ,” ಎಂದ. “ಇಮ್ತಿಹಾನಿನ್ಯಾಗ ನಾ ಪಾಸಾಗಲಿಲ್ಲ. ಈ ಮನ್ಯಾಗರ ನನ್ನ ಲೆಕ್ಕ ಪಾಸಾಗ್ಲಿ.”

ಮರುದಿನದಿಂದ ಮನೆಯ ರೀತಿಯೇ ಬೇರೆಯಾಯಿತು. ಆಯಿ ದಿನಾ ಬೆಳಿಗ್ಗೆ ಬಂಕದ ನೆಲವನ್ನು ತಾನೇ ಸಾರಿಸಿ, ನನಗೆ ಸ್ನಾನ ಮಾಡಿಸಿ, ಹೊಸದಾಗಿ ಎಲೆ ಬರೆಸತೊಡಗಿದಳು. ಇದ್ದಿಲು ಬೇಡ, ಸುಣ್ಣದಲ್ಲಿ ಬರಿ ಎಂದಳು. ಗೂಟದ ಬಳಿ ಎಣ್ಣೆಯ ಹಣತೆ ಇಟ್ಟಳು. ಬೂದಿಯ ಗೆರೆ ಅಳಿಸಿಹೋಯಿತು, ಯಾರೂ ಮತ್ತೆ ಎಳೆಯಲಿಲ್ಲ. ನಡುವೆ ಯಂತ್ರ ಇರುವಾಗ ರೋಗ ಅದನ್ನು ದಾಟಿ ಬರುವುದಿಲ್ಲ ಎಂದು ಅವಳ ಲೆಕ್ಕ. ಚಿಗವ್ವ ಹೊರಸಿನ ಪಕ್ಕ ಕುಳಿತು ಗಂಡನ ಬೆನ್ನು ಸವರಬಹುದಾಯಿತು. ಬಿಸಿ ರೊಟ್ಟಿ ಅವನ ಕೈಗೇ ಬಂತು. ಅವ್ವ ಕೂಡ ತಂಗಿಯನ್ನು ಎತ್ತಿಕೊಂಡು ಅಂಗಳದ ತನಕ ಬಂದು, ಅವಳ ಹೊಸ ಹಲ್ಲನ್ನು ಕಾಕಾನಿಗೆ ದೂರದಿಂದ ತೋರಿಸಿದಳು. ಸುಗ್ಗಿ ಮುಗಿಯಿತು, ಕಾವಲಿನ ಆಳು ಗುಡಿಸಲು ಬಿಟ್ಟು ಹೋದ, ಆದರೆ ಗುಡಿಸಲಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕಾಕಾ ಎಲ್ಲದಕ್ಕೂ ಸುಮ್ಮನಿದ್ದ. ಚಿಗವ್ವನಿಗೆ ಮಾತ್ರ ನಿಜ ಹೇಳಿದ್ದ ಎಂದು ನನಗೆ ಗೊತ್ತು, ಏಕೆಂದರೆ ಹಣತೆಗೆ ಎಣ್ಣೆ ಹಾಕುವಾಗ ಅವಳು ನನ್ನ ಕಡೆ ನೋಡಿ ಬಾಯಿಗೆ ಬೆರಳಿಟ್ಟುಕೊಳ್ಳುತ್ತಿದ್ದಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು. ನಮ್ಮ ಮನೆಗೂ ಒಂದು ಬರೆಸಿಕೊಡು ಎಂದರು. ಇದು ನನಗೊಬ್ಬನಿಗೇ ಕೊಟ್ಟದ್ದು, ಬೇರೆಯವರಿಗೆ ಫಲಿಸುವುದಿಲ್ಲ ಎಂದು ಕಾಕಾ ಹಾಗೂ ಹೀಗೂ ಸಾಗಹಾಕುತ್ತಿದ್ದ. ಕಳಿಸಿದ ಮೇಲೆ ಅವನ ಮುಖ ಬಾಡುತ್ತಿತ್ತು.

ಓಣಿಯ ತುದಿಯ ಮನೆ ಸಂಗವ್ವನದು. ಅವಳ ಮಗಳು ಗೌರಿ ಸಣ್ಣ ಹುಡುಗಿ, ಇನ್ನೂ ತೊದಲು ಮಾತು. ಆ ಮಗುವಿಗೆ ಜ್ವರ ಬಂದು ಮೈ ಸೆಟೆಯತೊಡಗಿತು. ಸಂಗವ್ವನ ಗಂಡ ಒಂದು ಬೆಳಿಗ್ಗೆ ಯಲಬುರ್ಗಾದ ದವಾಖಾನೆಗೆ ಹೋಗಲು ಚಕ್ಕಡಿ ಹೂಡಿದ್ದ. ಆಯಿಯೇ ಹೋಗಿ ತಡೆದಳು. ದಾರಿಯಲ್ಲಿ ಅಲುಗಾಡಿದರೆ ಕೂಸು ತಡೆಯುತ್ತದೆಯೇ, ನನ್ನ ಮಗನ ರಕ್ತ ನಿಲ್ಲಿಸಿದ್ದು ಯಾವ ದವಾಖಾನೆ, ಎಂದು ಕೇಳಿದಳಂತೆ. ಅವರು ಕೊಳ್ಳ ಹರಿದು ಎತ್ತು ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಕೂಸು ಇನ್ನೂ ಬಿಗಿಯಾದಾಗ ಸಂಗವ್ವ ಅದನ್ನು ಹೊತ್ತು ಓಡಿಬಂದಳು, ಹಿಂದೆ ಓಣಿಯ ಅರ್ಧ ಜನ. ಆಯಿ ಗೂಟ ಕಿತ್ತು, ಎಲೆಯ ನಡುವೆ ಕಂಬಳಿ ಹಾಸಿ, ಕೂಸನ್ನು ಮಲಗಿಸಿದಳು. ಕೂಸಿನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಕಾಕಾ ಹೊರಸಿನ ಮೇಲೆ ಎದ್ದು ಕುಳಿತ.

“ಸಂಗಕ್ಕಾ, ಯಾವಾಗಿಂದ ಐತಿ ಜ್ವರಾ?”

“ಮೊನ್ನಿಂದ ಯಪ್ಪಾ. ಇವತ್ತ ಕುತ್ತಿಗಿ ಬಗ್ಗಸವಲ್ದು.”

“ಚಕ್ಕಡಿ ಹೂಡಿದ್ರಂತ?”

“ಹೂಡಿದ್ವಿ. ದೊಡ್ಡವ್ವ ಬ್ಯಾಡ ಅಂದ್ಲು, ಕೊಳ್ಳ ಹರದ್ವಿ. ನೀ ಒಂದ ಮಂತ್ರಾ ಹೇಳೋ ಯಪ್ಪಾ, ನಿನ್ನ ಕಾಲ ಬೀಳತೇನಿ.”

ಕಾಕಾ ಚಿಗವ್ವನ ಕಡೆ ನೋಡಿದ. ಅವಳು ತಲೆ ಅಲ್ಲಾಡಿಸಿದಳು. ಸಣ್ಣ ದನಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

“ಬ್ಯಾಡ್ರಿ. ಸುಮ್ನ ಇರ್ರಿ. ನಿಮ್ಮ ಕೈ ಮುಗೀತೇನ್ರಿ.”

“ಕೂಸಿನ್ನ ನೋಡ ನೀಲಾ.”

“ನೋಡಾಕತ್ತೇನ್ರಿ. ನಿಮ್ಮನ್ನೂ ನೋಡಾಕತ್ತೇನಿ.”

ಕಾಕಾ ಹೊರಸಿನಿಂದ ಕಾಲು ಕೆಳಗಿಟ್ಟ. ಅವನ ದನಿ ಗಟ್ಟಿಯಾಗಿ ಬಂತು.

“ಸಂಗಕ್ಕಾ, ಕೂಸಿನ್ನ ಎತ್ಗೋ. ಈಗಿಂದೀಗ ಯಲಬುರ್ಗಿ ದವಾಖಾನಿಗೆ ಹೋಗ್ರಿ. ಇದರಾಗ ಏನೂ ಇಲ್ಲ. ಇದು ಯಂತ್ರ ಅಲ್ಲ, ಕಾಲೇಜಿನ ಲೆಕ್ಕ.”

“ಜ್ವರದ ಬಾಯಿ ಅದು, ಕಿವ್ಯಾಗ ಹಾಕ್ಕೋಬ್ಯಾಡಬೇ ಸಂಗವ್ವಾ,” ಎಂದಳು ಆಯಿ.

“ನನಗ ಇವತ್ತ ಜ್ವರಾ ಇಲ್ಲ ಅವ್ವಾ. ನಿಂಗ್ಯಾ, ಇದನ್ನ ಹೆಂಗ ಬರದಿ, ಎಲ್ಲಾರ ಮುಂದ ಹೇಳಲೇ.”

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲಲ್ಲಿ ಅಪ್ಪ ನಿಂತಿದ್ದ. ನಾನು ಬಾಯಿ ತೆರೆದರೆ ಕಾಕಾ ಮನೆಯಲ್ಲಿ ಉಳಿಯುವುದಿಲ್ಲ ಎಂದು ತಿಳಿಯದಷ್ಟು ಚಿಕ್ಕವನಾಗಿರಲಿಲ್ಲ ನಾನು. ಚಿಗವ್ವ ನನ್ನನ್ನೇ ನೋಡುತ್ತಿದ್ದಳು, ಆದರೆ ಈ ಸಲ ಬಾಯಿಗೆ ಬೆರಳಿಡಲಿಲ್ಲ. ಕಂಬಳಿಯ ಮೇಲೆ ಕೂಸಿನ ಹಲ್ಲು ಕಟಕಟ ಎನ್ನುತ್ತಿತ್ತು.

“ಎಂಟು,” ಎಂದೆ. “ಏಳೂವರಿ, ಎಳ್ಳಷ್ಟ ಕಡಿಮಿ. ಆರು. ನಾಲ್ಕು. ಎರಡು. ಅರ್ಧ. ಸೊನ್ನಿ. ಮತ್ತ ತಿರಿವಿ ಹಂಗ.”

“ಮತ್ತ ಮಂತ್ರಾ ಎಲ್ಲೈತೋ?” ಎಂದು ಗುಂಪಿನಲ್ಲಿ ಯಾರೋ ಕೇಳಿದರು.

“ಮಂತ್ರಾ ಇಲ್ಲ. ಹಗ್ಗದ ಗಂಟು ಎಣಸೋದು ಅಷ್ಟ.”

ಸಂಗವ್ವನ ಗಂಡ ಕೂಸನ್ನು ಎತ್ತಿಕೊಂಡು ಓಡಿದ. ಚಕ್ಕಡಿ ಊರು ದಾಟಿದ ಸದ್ದು ನಮ್ಮ ಬಂಕಕ್ಕೆ ಕೇಳಿಸಿತು. ಸಂಜೆಗೆ ಅದೇ ಚಕ್ಕಡಿ ವಾಪಸು ಬಂತು. ದವಾಖಾನೆ ಮುಟ್ಟುವ ಮೊದಲೇ, ದಾರಿಯಲ್ಲೇ ಗೌರಿ ಹೋಗಿಬಿಟ್ಟಿದ್ದಳು. ಬೆಳಿಗ್ಗೆಯೇ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ನಾನು ಹೇಳಲಾರೆ. ಆ ಕಾಲದಲ್ಲಿ ದವಾಖಾನೆಗೆ ಹೋದವರೂ ಸಾಯುತ್ತಿದ್ದರು. ಆದರೆ ಓಣಿಯ ಜನ ಬೇರೆ ಲೆಕ್ಕ ಹಾಕಿದರು: ಕೂಸು ಯಂತ್ರದೊಳಗೆ ಮಲಗಿದ್ದಾಗ ಉಸಿರಾಡುತ್ತಿತ್ತು, ಮಲ್ಲಪ್ಪ ಬಾಯಿಬಿಟ್ಟು ಯಂತ್ರದ ಜೀವ ತೆಗೆದ, ಎತ್ತಿದ ಮೇಲೆ ಸತ್ತಿತು. ಸಂಗವ್ವ ನಮ್ಮ ಬಾಗಿಲಿಗೆ ಬಂದು ಮಣ್ಣು ತೂರಿ ಹೋದಳು. ಕಾಕಾ ನನ್ನನ್ನು ಒಂದೇ ಮಾತು ಕೇಳಿದ.

“ಅವರು ಕೊಳ್ಳ ಹರದದ್ದು ಯಾವ ಹೊತ್ತಿಗೆಲೇ?”

“ಮುಂಜಾನಿ, ರೊಟ್ಟಿ ಹೊತ್ತಿಗೆ.”

“ನಾ ಮೊದಲ ಸೋಮವಾರಾನ ಹೇಳಿದ್ರ ಅವರು ಕೊಳ್ಳ ಹರೀತಿರಲಿಲ್ಲ,” ಎಂದು ಗೋಡೆಗೆ ಮುಖ ಮಾಡಿದ. ಅಂದು ಅವನಿಗೆ ಮತ್ತೆ ರಕ್ತ ಬಿತ್ತು, ಬಟ್ಟೆ ತುಂಬ.

ಆಯಿ ಎಲೆಯ ಮೇಲೆ ಸಗಣಿ ಸಾರಿಸಿದಳು. ಅಪ್ಪ ಗುಡಿಸಲಿಗೆ ಹೊಸ ಕಣಿಕೆ ಹೊದಿಸಿ ಬಂದ. ಹೊರಸನ್ನು ಚಕ್ಕಡಿಗೆ ಏರಿಸುವಾಗ ಕಾಕಾ ಬೇಡವೆಂದು ಕೇಳಿಕೊಳ್ಳಲಿಲ್ಲ. ಅಪ್ಪನಿಗೆ ಅದೇ ಹೆಚ್ಚು ನೋವು ಕೊಟ್ಟಿರಬೇಕು, ಏಕೆಂದರೆ ಅವನು ಚಕ್ಕಡಿಯ ಮೂಕಿ ಹಿಡಿದು ಬಹಳ ಹೊತ್ತು ನಿಂತಿದ್ದ. ಆಗ ಚಿಗವ್ವ ಒಂದು ಗಂಟು ಬಗಲಲ್ಲಿಟ್ಟುಕೊಂಡು ಒಳಗಿನಿಂದ ಬಂದಳು.

“ನೀ ಎಲ್ಲಿ ಹೊಂಟಿ?” ಎಂದಳು ಆಯಿ.

“ಅವರ ಕೂಡ.”

“ಹೋದ್ರ ಮತ್ತ ಈ ಹೊಸ್ತಲಾ ತುಳೀಬ್ಯಾಡ.”

“ಆತ್ರಿ ಅತ್ತಿ,” ಎಂದು ಅವಳು ಆಯಿಯ ಕಾಲು ಮುಟ್ಟಿ ಚಕ್ಕಡಿ ಹತ್ತಿದಳು.

ರೊಟ್ಟಿ ಒಯ್ಯುವ ಕೆಲಸ ನನ್ನದು. ಗುಡಿಸಲ ಮುಂದೆ ಬುತ್ತಿ ಇಟ್ಟು ಕೂಗಿದರೆ ಚಿಗವ್ವ ಬಂದು ಒಯ್ಯುತ್ತಿದ್ದಳು. ಸುತ್ತಲೂ ಕೊಯ್ದ ಹೊಲ, ಬಿರಿದ ಎರೆನೆಲ, ಒಂದು ಗಿಡದ ನೆರಳೂ ಇಲ್ಲ. ಕಾಕಾ ಲೆಕ್ಕದ ಮಾತೇ ಎತ್ತಲಿಲ್ಲ. ನನ್ನನ್ನು ದೂರ ಕೂರಿಸಿಕೊಂಡು ಮನೆಯ ಸುದ್ದಿ ಕೇಳುತ್ತಿದ್ದ. ಎಮ್ಮೆ ಈಯಿತೇ, ತಂಗಿ ಅಪ್ಪಾ ಅನ್ನುತ್ತಾಳೆಯೇ, ಇವತ್ತು ಆಯಿ ಯಾರನ್ನು ಬೈದಳು. ನಾನು ಆಯಿಯ ದನಿ ತೆಗೆದು ಬೈದು ತೋರಿಸುತ್ತಿದ್ದೆ. ಅವನು ನಗುತ್ತಿದ್ದ, ನಕ್ಕರೆ ಕೆಮ್ಮು ಬರುತ್ತಿತ್ತು, ಆಮೇಲೆ ಚಿಗವ್ವ ಇನ್ನು ಸಾಕು ಹೋಗಪ್ಪಾ ಎನ್ನುತ್ತಿದ್ದಳು. ಮುಂಗಾರಿನ ಮೋಡ ಕಟ್ಟುವ ಮೊದಲೇ ಅವನು ತೀರಿಕೊಂಡ. ಹೊಲದಲ್ಲೇ ಮಣ್ಣು ಮಾಡಿದರು. ಚಿಗವ್ವನ ಅಣ್ಣ ಕನಕಗಿರಿಯಿಂದ ಬಂದು ಅವಳನ್ನು ಗುಡಿಸಲಿನಿಂದಲೇ ಕರೆದೊಯ್ದ. ಅವಳು ನಮ್ಮ ಹೊಸ್ತಿಲು ತುಳಿಯಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಅವಳಿಗೂ ಅದೇ ಕೆಮ್ಮು ಎಂದು ಸುದ್ದಿ ಬಂತು. ಆಮೇಲೆ ಸುದ್ದಿ ಬರಲಿಲ್ಲ.

ನಾನು ಕಾಲೇಜು ಸೇರಿದ ವರ್ಷ ರಜೆಗೆ ಊರಿಗೆ ಬಂದಾಗ ಆಯಿ ಇನ್ನೂ ಇದ್ದಳು, ಕಣ್ಣು ಮಂಜಾಗಿತ್ತು. ನಾನು ಪುಸ್ತಕ ಒಯ್ದಿದ್ದೆ. ಅವಳ ಕೈ ಹಿಡಿದು ಹೇಳಿದೆ.

“ಆಯಿ, ಕಾಕಾ ಖರೇನ ಹೇಳಿದ್ದ. ಅದು ಲೆಕ್ಕಾನ ಆಗಿತ್ತು. ನಾನೂ ಈಗ ಅದನ್ನ ಕಲತೇನಿ, ಪುಸ್ತಕದಾಗ ಐತಿ ನೋಡು.”

ಅವಳು ಪುಸ್ತಕದ ಮೇಲೆ ಕೈಯಾಡಿಸಿ ಪಕ್ಕಕ್ಕೆ ಸರಿಸಿದಳು.

“ಲೆಕ್ಕಾ ಅಲ್ಲೋ ತಮ್ಮಾ, ಯಂತ್ರಾನ. ಅವ ಬಾಯಿ ಬಿಟ್ಟು ಕೆಡಿಸಿಕೊಂಡ.”

“ಇಲ್ಲ ಆಯಿ…”

“ಲೆಕ್ಕಾ ಅನಬ್ಯಾಡೋ. ಬರೀ ಲೆಕ್ಕಾ ಇದ್ದಿದ್ರ, ಖರೆ ಹೇಳಿದ್ದಕ್ಕ ನಾ ನನ್ನ ಮಗನ್ನ ಹೊರಗ ಹಾಕಿದಂಗ ಆತಲ್ಲೋ.”

ನಾನು ಪುಸ್ತಕ ಮುಚ್ಚಿದೆ. “ಹೌದು ಆಯಿ, ಯಂತ್ರಾನ ಆಗಿತ್ತು,” ಎಂದೆ. ಅವಳು ಬದುಕಿರುವ ತನಕ ನಾನು ಆ ಮಾತನ್ನು ಬದಲಿಸಲಿಲ್ಲ.

ಓದಿದ ಹಿರಿಯರೇ, ನಮ್ಮ ಕಡೆ ಆ ದಿನಗಳಲ್ಲಿ ಹೊಲದ ಗುಡಿಸಲಿಗೆ ಹೋದವರು ನಮ್ಮ ಮನೆಯಲ್ಲಷ್ಟೇ ಇರಲಿಲ್ಲ, ಅದು ನನಗೆ ಗೊತ್ತು. ನಿಮ್ಮ ಮನೆಯಿಂದಲೂ ಹಾಗೆ ಹೋದವರಿದ್ದರೆ, ಅವರಿಗೆ ರೊಟ್ಟಿ ಒಯ್ದವರು ಯಾರು, ಅವರು ಏನು ಕೇಳುತ್ತಿದ್ದರು, ನಿಮಗೆ ನೆನಪಿದ್ದಷ್ಟು ಬರೆದು ತಿಳಿಸಿರಿ. ಅವರ ಹೆಸರನ್ನೂ ಬರೆಯಿರಿ.